ಸ್ಥಾನವನ್ನು ಮರಳಿಸಿ ಪಕ್ಷವನ್ನು ಬಿಟ್ಟವರು

(ಶಿಕ್ಷಕರೂ ನಾಗರಿಕರೂ ಕೂಡಿದ ಸಭೆಯೊಂದರಲ್ಲಿ ಮಾಡಿದ ಭಾಷಣ)



"ಪಕ್ಷಾಂತರ"ವೆಂಬ ಶಬ್ದವು ನಮ್ಮಲ್ಲಿ ಬೈಗುಳಗಳ ಸಾಲಿಗೆ ಸೇರಿಹೋಗಿದೆ. ಯಾರಾದರೂ ಪಕ್ಷವನ್ನು ಬದಲಿಸಿದರೆಂದು ಕಿವಿಗೆ ಬಿದ್ದೊಡನೆ "ಎಷ್ಟಕ್ಕೆ?" ಎಂದು ಕೇಳುವವರೇ ಎಲ್ಲರೂ; "ಏತಕ್ಕೆ?" ಎಂದು ಕೇಳುವವರು ವಿರಳ. ಗಾಳಿ ಬಂದಾಗ ತೂರಿಕೊಳ್ಳುವವರನ್ನು ನಾವು ಬೇಕಾದಷ್ಟು ಕಂಡಿರುವದರಿಂದ ಈ ಸಂಶಯವು ಅಕಾರಣವಾದುದೆಂದು ಹೇಳಲಾರೆವು. ಆದರೆ ಮನುಷ್ಯನಿಗೆ ವಿಚಾರಶಕ್ತಿಯಿರುವ ವರೆಗೆ ಅವನ ಅಭಿಪ್ರಾಯವು ಬದಲಾಗುವ ಸಂಭವವೂ ಇದ್ದೇ ಇರುವದು. ಅವನ ಅಭಿಪ್ರಾಯವು ನಿಂತಲ್ಲಿಯೇ ನಿಂತು, ಪಕ್ಷವೇ ಅವನನ್ನು ಬಿಟ್ಟು ಬೇರೆ ಹಾದಿಯನ್ನು ಹಿಡಿಯುವ ಸಂಭವವೂ ಉಂಟು. ಅಂಥ ಸಮಯದಲ್ಲಿ ಪ್ರಾಮಾಣಿಕನಾದವನು ಏನು ಮಾಡಬೇಕು? ಜನರು ಒಂದು ಪಕ್ಷದ ಹೆಸರಿನ ಮೇಲೆ ತನಗೆ ಕೊಟ್ಟ ಸ್ಥಾನವನ್ನು ಇನ್ನೊಂದು ಪಕ್ಷಕ್ಕೆ ಹೊತ್ತುಕೊಂಡು ಹೋಗುವ ಅಧಿಕಾರವು ಅವನಿಗುಂಟೇ?

ಈ ಪ್ರಶ್ನೆಗೆ ರಾಜ್ಯಶಾಸ್ತ್ರದ ಗ್ರಂಥಗಳಲ್ಲಿ ಉತ್ತರವನ್ನು ಹುಡುಕುವದಕ್ಕಿಂತ, ತಮ್ಮ ನಡತೆಯಿಂದಲೇ ಉತ್ತರವಿತ್ತ ಒಬ್ಬ ಗೃಹಸ್ಥರ ಚರಿತ್ರೆಯನ್ನು ನೋಡುವದು ಲೇಸೆಂದು ನಮಗೆ ತೋರಿತು. ಅವರೇ ವಿಲಿಯಮ್ ವೆಜ್‌ವುಡ್ ಬೆನ್. ೧೯೨೯ ರಿಂದ ೧೯೩೧ ರ ವರೆಗೆ, ಅಂದರೆ ನಮ್ಮ ದೇಶದಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದ ಕಾಲದಲ್ಲಿ, ಲಂಡನ್ನಿನಲ್ಲಿ ಭಾರತಮಂತ್ರಿಯ ಪದವಿಯಲ್ಲಿ ಇದ್ದವರು ಇವರು. ಇವರ ಹೆಸರನ್ನು ಕೇಳಿದರೆ ನಮ್ಮ ಹಿರಿಯರ ಮನಸ್ಸಿನಲ್ಲಿ ಪ್ರೀತಿಯೊಂದೇ ಉಕ್ಕುತ್ತಿರಲಿಲ್ಲವೆಂಬುದನ್ನು ನಾವು ಬಲ್ಲೆವು. ಆ ಮಾತನ್ನೂ ಮುಚ್ಚದೆ ಮುಂದೆ ಹೇಳುವೆವು. ಗುಣವಿದ್ದಲ್ಲಿ ಗುಣವನ್ನೂ ದೋಷವಿದ್ದಲ್ಲಿ ದೋಷವನ್ನೂ ಹೇಳಿದರೆ ಮಾತ್ರ ಚರಿತ್ರೆಯಿಂದ ಪ್ರಯೋಜನವುಂಟು.

ಇಂಗ್ಲಂಡದ ರಾಜಕಾರಣದಲ್ಲಿ ಪಕ್ಷಾಂತರವು ಹೊಸದಲ್ಲ. ನಾಲ್ಕು ಸಲ ಉದಾರ ಪಕ್ಷದ ಮುಖ್ಯ ಪ್ರಧಾನರಾದ ಗ್ಲ್ಯಾಡ್‌ಸ್ಟನ್ನರು ೧೮೩೨ ರ ಚುನಾವಣೆಯಲ್ಲಿ ಟೋರಿಗಳಾಗಿ ಆರಿಸಿ ಬಂದವರು. ಉದಾರ ಪಕ್ಷದ ತೀವ್ರಗಾಮಿಗಳ ಮುಂದಾಳಾಗಿದ್ದ ಜೋಸೆಫ್ ಚೇಂಬರ್ಲೇನರು ೧೮೮೬ ರಲ್ಲಿ ಐರ್ಲಂಡದ ಸ್ವರಾಜ್ಯದ ಪ್ರಶ್ನೆಯ ಮೇಲೆ ಪಕ್ಷವನ್ನು ಒಡೆದುಕೊಂಡು ಹೊರಬಿದ್ದು, ಕೊನೆಗೆ ಸ್ಥಿತಿಪಾಲಕರ ಮಂತ್ರಿಮಂಡಲದಲ್ಲಿ ವಸಾಹತುಗಳ ಮಂತ್ರಿಗಳಾದರು. ತಾರುಣ್ಯದಲ್ಲಿ ಸೈನ್ಯದ ಅಧಿಕಾರಿಯಾಗಿ ೧೮೯೬ ರಲ್ಲಿ ನಮ್ಮ ಬೆಂಗಳೂರಿಗೆ ಬಂದು, ದಂಡಿನ ಬಂಗಲೆಯಲ್ಲಿ ಕುಳಿತು ಇತಿಹಾಸಗ್ರಂಥಗಳನ್ನು ಓದಿದ ವಿನ್ಸ್ಟನ್ ಚರ್ಚಿಲ್ಲರು ೧೯೦೪ ನೆಯ ಮೇ ೩೧ ರಂದು ಸ್ಥಿತಿಪಾಲಕರ ಬೆಂಚನ್ನು ಬಿಟ್ಟು ಉದಾರ ಪಕ್ಷದವರ ಸಾಲಿನಲ್ಲಿ ಹೋಗಿ ಕುಳಿತರು. ಇಪ್ಪತ್ತು ವರ್ಷಗಳ ತರುವಾಯ ಮತ್ತೆ ಸ್ಥಿತಿಪಾಲಕರ ಕಡೆಗೇ ಮರಳಿದರು. ೧೯೦೪ ರಲ್ಲಿ ಅವರು ಬೆಂಚನ್ನು ಬದಲಿಸಿದರೇ ಹೊರತು ಸ್ಥಾನವನ್ನು ಬಿಡಲಿಲ್ಲ. ಸ್ಥಿತಿಪಾಲಕರೆಂದು ನಂಬಿ ಓಲ್ಡ್‌ಹ್ಯಾಮಿನ ಮತದಾರರು ಕೊಟ್ಟ ಸ್ಥಾನವನ್ನು ೧೯೦೬ ರ ಸಾರ್ವತ್ರಿಕ ಚುನಾವಣೆಯ ವರೆಗೂ ಇಟ್ಟುಕೊಂಡಿದ್ದರು. ಇದರಲ್ಲಿ ಕಾಯದೆಯ ಭಂಗವೇನೂ ಇರಲಿಲ್ಲ. ಪಕ್ಷವನ್ನು ಬಿಟ್ಟ ಸಭಾಸದನು ಸ್ಥಾನವನ್ನೂ ಬಿಡಬೇಕೆಂಬ ಕಾಯದೆಯು ಇಂಗ್ಲಂಡದಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಈ ಒಂದು ಸಂಗತಿಯನ್ನು ತಾವು ನೆನಪಿನಲ್ಲಿಡಬೇಕು. ಏಕೆಂದರೆ ಬೆನ್ನರು ಮಾಡಿದ್ದನ್ನು ಯಾವ ಕಾಯದೆಯೂ ಅವರಿಂದ ಮಾಡಿಸಲಿಲ್ಲ.

ಬೆನ್ನರು ೧೮೭೭ ನೆಯ ಮೇ ೧೦ ರಂದು ಲಂಡನ್ನಿನ ಹ್ಯಾಕ್ನಿ ಎಂಬ ಭಾಗದಲ್ಲಿ ಹುಟ್ಟಿದರು. ಅವರ ಅಜ್ಜ ಕ್ರೈಸ್ತ ಧರ್ಮೋಪದೇಶಕರು. ಆದರೆ ಸರಕಾರದ ಆಶ್ರಯವುಳ್ಳ ಮಠಕ್ಕೆ ಸೇರದೆ, ಸ್ವತಂತ್ರ ಪಂಥದಲ್ಲಿದ್ದವರು. ತಂದೆ ಸರ್ ಜಾನ್ ಬೆನ್ನರು ಉದಾರ ಪಕ್ಷದ ಕಟ್ಟಾಳುಗಳು. ಪಾರ್ಲಿಮೆಂಟಿನ ಸಭಾಸದರೂ, ೧೯೦೪ ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ಲಿನ ಅಧ್ಯಕ್ಷರೂ ಆಗಿದ್ದವರು. ಹೀಗೆ ಉದಾರ ಪಕ್ಷವು ಬೆನ್ನರಿಗೆ ಮನೆತನದ ಆಸ್ತಿಯಂತೆ ಬಂದಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ, ಫ್ರೆಂಚ್ ಭಾಷೆಯಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾಗಿ, ೧೯೦೬ ರ ಚುನಾವಣೆಯಲ್ಲಿ, ತಮ್ಮ ೨೮ ನೆಯ ವಯಸ್ಸಿನಲ್ಲಿ, ಪೂರ್ವ ಲಂಡನ್ನಿನ ಸೇಂಟ್ ಜಾರ್ಜ್ ಕ್ಷೇತ್ರದಿಂದ ಕಾಮನ್ಸ್ ಸಭೆಯನ್ನು ಪ್ರವೇಶಿಸಿದರು. ಹಡಗುಕಟ್ಟೆಗಳ ಕೂಲಿಕಾರರೂ ಪರದೇಶಗಳಿಂದ ಬಂದ ಬಡವರೂ ತುಂಬಿದ್ದ ಆ ಕ್ಷೇತ್ರವನ್ನು ಅವರ ತಂದೆಯೂ ಹಿಂದೊಮ್ಮೆ ಪ್ರತಿನಿಧಿಸಿದ್ದರು. ೧೯೧೦ ರಲ್ಲಿ ಪಕ್ಷದವರನ್ನು ಸಭೆಯಲ್ಲಿ ಒಟ್ಟುಗೂಡಿಸಿ ಮತ ಹಾಕಿಸುವ ಪ್ರತೋದರಲ್ಲೊಬ್ಬರಾಗಿ ಸರಕಾರದೊಳಗೆ ಸೇರಿದರು. ತಂದೆಯ ಪಕ್ಷ, ತಂದೆಯ ಕ್ಷೇತ್ರ, ಎಳೆಯ ವಯಸ್ಸಿನಲ್ಲಿಯೇ ಅಧಿಕಾರ: ಏರುವ ಮೆಟ್ಟಿಲುಗಳೆಲ್ಲ ಕಣ್ಣ ಮುಂದೆಯೇ ಇದ್ದವು.

ಅಷ್ಟರಲ್ಲಿ ೧೯೧೪ ರ ಮಹಾಯುದ್ಧವು ಬಂದಿತು. ಪಾರ್ಲಿಮೆಂಟಿನ ಸಭಾಸದರು ರಣಾಂಗಣಕ್ಕೆ ಹೋಗಲೇಬೇಕೆಂಬ ನಿಯಮವಿರಲಿಲ್ಲ. ಬೆನ್ನರಿಗೆ ಆಗ ೩೭ ವರ್ಷ. ಆದರೂ ಅವರು ಸೈನ್ಯವನ್ನು ಸೇರಿ, ಗ್ಯಾಲಿಪೋಲಿಯಲ್ಲಿ ಕಾದಿ, ಆಮೇಲೆ ವಿಮಾನದಲ್ಲಿ ವೀಕ್ಷಕರಾಗಿ ಕುಳಿತು ಶತ್ರುವಿನ ಠಾವುಗಳನ್ನು ಗುರುತಿಸುವ ಅಪಾಯದ ಕೆಲಸವನ್ನು ಕೈಕೊಂಡರು. ಶೌರ್ಯಕ್ಕಾಗಿ ತಮ್ಮ ಸರಕಾರದಿಂದಲೂ, ಫ್ರಾನ್ಸ್ ಮತ್ತು ಇಟಲಿಗಳಿಂದಲೂ ಪದಕಗಳನ್ನು ಪಡೆದರು. ನಡುವೆ ಮುಖ್ಯ ಪ್ರಧಾನರಾದ ಲಾಯ್ಡ್ ಜಾರ್ಜರು ಇವರನ್ನು ಸರಕಾರದೊಳಗೆ ಕರೆದು ದೊಡ್ಡದೊಂದು ಹುದ್ದೆಯನ್ನು ಕೊಡಮಾಡಿದಾಗ ಇವರು ಅದನ್ನು ಒಲ್ಲೆನೆಂದರು. ಈ ಸಣ್ಣ ಸಂಗತಿಯಲ್ಲಿಯೇ ಮುಂದಿನ ಕಥೆಯ ಬೀಜವಿದೆ.

ಆ ಕಥೆಯನ್ನು ತಿಳಿಯಬೇಕಾದರೆ ಉದಾರ ಪಕ್ಷದ ಮನೆಯು ಹೇಗೆ ಒಡೆಯಿತೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ೧೯೧೬ ನೆಯ ಡಿಸೆಂಬರದಲ್ಲಿ ಆಸ್ಕ್ವಿತ್ತರು ಕೆಳಗಿಳಿದು, ಅದೇ ಪಕ್ಷದ ಲಾಯ್ಡ್ ಜಾರ್ಜರು ಸ್ಥಿತಿಪಾಲಕರ ಬೆಂಬಲದಿಂದ ಮುಖ್ಯ ಪ್ರಧಾನರಾದರು. ೧೯೧೮ ರ ಚುನಾವಣೆಯಲ್ಲಿ ಲಾಯ್ಡ್ ಜಾರ್ಜರೂ ಸ್ಥಿತಿಪಾಲಕರೂ ಕೂಡಿ, ತಮಗೆ ಬೇಕಾದ ಉಮೇದುವಾರರಿಗೆ ಮಾತ್ರ ಒಪ್ಪಿಗೆಯ ಪತ್ರಗಳನ್ನು ಹಂಚಿದರು. ಆ ಪತ್ರವು ದೊರೆಯದ ಉದಾರ ಪಕ್ಷದವರಲ್ಲಿ ಬಹುತೇಕರು ಸೋತು ಮೂಲೆಗುಂಪಾದರು. ಸ್ವತಃ ಆಸ್ಕ್ವಿತ್ತರೇ ಸೋತರು. ಆ ಪ್ರವಾಹದಲ್ಲಿಯೂ ಬೆನ್ನರು ಲಾಯ್ಡ್ ಜಾರ್ಜರ ಆಸರೆಯಿಲ್ಲದೆ, ಸ್ಕಾಟ್ಲಂಡದ ಲೀತ್ ಎಂಬ ಬಂದರದ ಕ್ಷೇತ್ರದಿಂದ ಗೆದ್ದುಬಂದರು. ಮುಂದೆ ೧೯೨೨, ೧೯೨೩, ೧೯೨೪ ರ ಮೂರು ಚುನಾವಣೆಗಳಲ್ಲಿಯೂ ಲೀತಿನ ಜನರು ಅವರನ್ನೇ ಆರಿಸಿದರು.

ಲಾಯ್ಡ್ ಜಾರ್ಜರ ಹತ್ತಿರ ರಾಜಕೀಯ ನಿಧಿಯೊಂದಿತ್ತು. ಅವರ ಆಡಳಿತದಲ್ಲಿ ಹಣವಂತರು ಆ ನಿಧಿಗೆ ಕಾಣಿಕೆಯನ್ನು ಸಲ್ಲಿಸಿ ಸರದಾರಿಕೆಯ ಪದವಿಗಳನ್ನು ಪಡೆದರೆಂಬುದು ದೊಡ್ಡ ಅಪವಾದವಾಗಿ, ಪದವಿಗಳ ಮಾರಾಟವನ್ನು ನಿಷೇಧಿಸುವ ಕಾಯದೆಯನ್ನೇ ೧೯೨೫ ರಲ್ಲಿ ಮಾಡಬೇಕಾಯಿತು. ಉದಾರ ಪಕ್ಷವು ಬಡವಾಗಿತ್ತು. ಲಾಯ್ಡ್ ಜಾರ್ಜರ ಥೈಲಿಯು ತುಂಬಿತ್ತು. ೧೯೨೬ ರ ಅಕ್ಟೋಬರದಲ್ಲಿ ಆಸ್ಕ್ವಿತ್ತರು ಮುಂದಾಳುತನವನ್ನು ಬಿಟ್ಟೊಡನೆ ಪಕ್ಷವು ಥೈಲಿಯಿದ್ದವರ ಕೈಗೆ ಸೇರಿತು. ತಂದೆಯ ಕಾಲದಿಂದ ಬಂದ ಪಕ್ಷದ ಹೆಸರು ಉಳಿದಿದೆ, ಬೋರ್ಡು ಉಳಿದಿದೆ. ಆದರೆ ಒಳಗಿನ ಯಜಮಾನಿಕೆಯು ತಾವು ಹತ್ತು ವರ್ಷ ಎದುರಿಸುತ್ತ ಬಂದವರದಾಯಿತೆಂದು ಬೆನ್ನರಿಗೆ ಕಂಡಿತು. ಕೂಲಿಕಾರರ ಹಿತದ ವಿಷಯದಲ್ಲಿ ಅವರ ವಿಚಾರಗಳು ಆ ಮೊದಲೇ ಮಜೂರ ಪಕ್ಷದ ಸಮೀಪಕ್ಕೆ ಬಂದಿದ್ದವು. ೧೯೨೭ ರ ಆರಂಭದಲ್ಲಿ ಅವರು ಉದಾರ ಪಕ್ಷವನ್ನು ಬಿಟ್ಟು ಮಜೂರ ಪಕ್ಷವನ್ನು ಸೇರಿದರು.

ಇಷ್ಟೇ ಆಗಿದ್ದರೆ ಈ ಭಾಷಣದ ಅವಶ್ಯಕತೆಯಿರಲಿಲ್ಲ. ಬೆನ್ನರು ಅದರ ಸಂಗಡವೇ ಪಾರ್ಲಿಮೆಂಟಿನ ಸ್ಥಾನವನ್ನೂ ಬಿಟ್ಟುಕೊಟ್ಟರು. ತಮ್ಮನ್ನು ಲೀತಿನ ಜನರು ಉದಾರ ಪಕ್ಷದವರೆಂದು ಆರಿಸಿದ್ದರು. ಅದು ಇಲ್ಲವಾದ ಮೇಲೆ ಆ ಸ್ಥಾನವನ್ನು ಇಟ್ಟುಕೊಳ್ಳುವದು ನ್ಯಾಯವಲ್ಲವೆಂಬುದು ಅವರ ನಿರ್ಣಯ. ಇಂಗ್ಲಂಡದ ಪದ್ಧತಿಯಲ್ಲಿ ಕಾಮನ್ಸ್ ಸಭೆಯ ಸದಸ್ಯನು ಸುಮ್ಮನೆ ರಾಜೀನಾಮೆಯನ್ನು ಬರೆದುಕೊಡಲು ಬರುವದಿಲ್ಲ. ಹೆಸರಿಗೆ ಮಾತ್ರ ಉಳಿದಿರುವ ಒಂದು ರಾಜಸೇವೆಯ ಹುದ್ದೆಯನ್ನು ಬೇಡಿ ಪಡೆಯಬೇಕು, ಆ ಹುದ್ದೆಯನ್ನು ಪಡೆದವನು ಸಭೆಯಲ್ಲಿರಲು ಅನರ್ಹನಾಗುವದರಿಂದ ಸ್ಥಾನವು ತೆರವಾಗುವದು. ಹೊರಗೆ ಹೋಗುವ ಬಾಗಿಲೇ ಇಷ್ಟು ಸುತ್ತಿನದಾಗಿರುವ ಮನೆಯಿಂದ ಬೆನ್ನರು ತಾವಾಗಿಯೇ ಹೊರಗೆ ಬಂದರು. ಮನೆಯಲ್ಲಿ ಹೆಂಡತಿಯೂ, ಆರು ವರ್ಷ ತುಂಬದ ಇಬ್ಬರು ಗಂಡುಮಕ್ಕಳೂ ಇದ್ದರು. ಸಭಾಸದರಿಗೆ ವರ್ಷಕ್ಕೆ ದೊರೆಯುತ್ತಿದ್ದ ೪೦೦ ಪೌಂಡು ವೇತನವೂ ಅದರೊಡನೆ ನಿಂತಿತು.

ಲೀತಿನಲ್ಲಿ ಮರುಚುನಾವಣೆಯಾಯಿತು. ಬೆನ್ನರು ಅಲ್ಲಿ ನಿಲ್ಲಲಿಲ್ಲ; ಮಜೂರ ಪಕ್ಷದ ಉಮೇದುವಾರರು ಬೇರೆಯವರಿದ್ದರು. ಫಲವೇನಾಯಿತು ಗೊತ್ತೇ? ಬಹಳ ಸ್ವಲ್ಪ ಮತಗಳ ಅಂತರದಿಂದ ಉದಾರ ಪಕ್ಷದ ಅರ್ನೆಸ್ಟ್ ಬ್ರೌನರೇ ಗೆದ್ದರು. ಎಂದರೆ ಬೆನ್ನರು ಬಿಟ್ಟ ಸ್ಥಾನವು ಬೆನ್ನರು ಬಿಟ್ಟ ಪಕ್ಷಕ್ಕೇ ಹೋಯಿತು. ಹೊಸ ಪಕ್ಷದ ಲಾಭವನ್ನೇ ನೋಡುವವರು ಇದನ್ನು ಹುಚ್ಚುತನವೆನ್ನಬಹುದು. ನಮಗಾದರೋ ಇದರಲ್ಲಿಯೇ ಅವರ ಕೃತ್ಯದ ಸಾರ್ಥಕತೆಯು ಕಾಣುವದು. ಲೀತಿನ ಜನರಿಗೆ ಉದಾರ ಪಕ್ಷದ ಪ್ರತಿನಿಧಿಯೇ ಬೇಕಾಗಿತ್ತು. ಬೆನ್ನರು ಸ್ಥಾನವನ್ನು ಇಟ್ಟುಕೊಂಡಿದ್ದರೆ ಆ ಜನರ ಇಚ್ಛೆಯು ಮುಂದಿನ ಸಾರ್ವತ್ರಿಕ ಚುನಾವಣೆಯ ವರೆಗೆ ಬಾಯಿಲ್ಲದ್ದಾಗುತ್ತಿತ್ತು. ನೆರೆಯವನು ನಂಬಿ ಇಟ್ಟ ಠೇವನ್ನು, ನಾವು ಊರು ಬಿಡುವಾಗ ಅವನಿಗೆ ಒಪ್ಪಿಸಿ ಹೋಗಬೇಕಲ್ಲದೆ, ನಮ್ಮ ಗಂಟಿನೊಳಗೆ ಕಟ್ಟಿಕೊಂಡು ಹೋಗಲು ಬರುವದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಎಡ್ಮಂಡ್ ಬರ್ಕರು ೧೭೭೪ ರಲ್ಲಿ ಬ್ರಿಸ್ಟಲ್ ಪಟ್ಟಣದ ಮತದಾರರಿಗೆ ಮಾಡಿದ ಭಾಷಣವು ತಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಪ್ರತಿನಿಧಿಯು ಮತದಾರರ ಹೇಳಿಕೆಯನ್ನು ಒಪ್ಪಿಸುವ ಗಿಳಿಯಲ್ಲ. ಅವನು ತನ್ನ ವಿವೇಕವನ್ನೂ ಅವರ ಸೇವೆಯಲ್ಲಿ ತೊಡಗಿಸತಕ್ಕವನು, ಅವರ ಅಭಿಪ್ರಾಯಕ್ಕೆ ಅದನ್ನು ಬಲಿಗೊಟ್ಟರೆ ಅವರಿಗೇ ದ್ರೋಹಮಾಡಿದಂತಾಗುವದು ಎಂಬುದು ಬರ್ಕರ ಮತದ ತಾತ್ಪರ್ಯ. ಹಾಗಾದರೆ ಮನಸ್ಸು ಬದಲಾದಾಗಲೆಲ್ಲ ಸ್ಥಾನವನ್ನು ಬಿಡಬೇಕೆಂಬುದು ಸರಿಯೇ? ಒಂದು ಮಸೂದೆಯ ಮೇಲೆ ಪಕ್ಷಕ್ಕೆ ವಿರೋಧವಾಗಿ ಮತಕೊಟ್ಟವನೂ ಬಿಡಬೇಕೇ? ಹಾಗೆ ಹೇಳಿದರೆ ಸಭೆಗಳಲ್ಲಿ ಆತ್ಮಸಾಕ್ಷಿಗೆ ಎಡೆಯೇ ಉಳಿಯಲಿಕ್ಕಿಲ್ಲ. ಬರ್ಕರು ಹೇಳಿದ್ದು ಸತ್ಯವೇ. ಆ ಸತ್ಯಕ್ಕೆ ಅವರು ಬೆಲೆಯನ್ನೂ ತೆತ್ತರು. ೧೭೮೦ ರಲ್ಲಿ ಬ್ರಿಸ್ಟಲ್ ಅವರನ್ನು ಕೈಬಿಟ್ಟಿತು. ಆದರೆ ಪ್ರತಿನಿಧಿಯು ತನ್ನ ಪಕ್ಷದಲ್ಲಿದ್ದುಕೊಂಡು ಒಂದು ಪ್ರಶ್ನೆಯ ಮೇಲೆ ಭಿನ್ನಮತವನ್ನು ತೋರಿಸುವದು ಬೇರೆ, ಯಾವ ಧ್ವಜದ ಕೆಳಗೆ ನಿಂತು ಮತವನ್ನು ಬೇಡಿದನೋ ಆ ಧ್ವಜವನ್ನೇ ಬಿಸುಟು ಎದುರಾಳಿಯ ಧ್ವಜವನ್ನು ಎತ್ತುವದು ಬೇರೆ. ಮೊದಲನೆಯದರಲ್ಲಿ ಒಪ್ಪಂದವು ಉಳಿಯುವದು, ಎರಡನೆಯದರಲ್ಲಿ ಅದು ಹರಿದುಹೋಗುವದು. ಹರಿದ ಮೇಲೆ ಹೊಸತಾಗಿ ಬರೆದುಕೊಳ್ಳಬೇಕಲ್ಲವೇ? ಬೆನ್ನರ ನಡತೆಯ ತರ್ಕವು ಇದು.

ಸುಮಾರು ಒಂದೂವರೆ ವರ್ಷ ಅವರು ಪಾರ್ಲಿಮೆಂಟಿನ ಹೊರಗಿದ್ದರು. ೧೯೨೮ ರ ಆಗಸ್ಟಿನಲ್ಲಿ ಉತ್ತರ ಅಬರ್ಡೀನಿನ ಮಜೂರ ಪಕ್ಷದ ಸಭಾಸದರು ತೀರಿಹೋಗಿ ನಡೆದ ಮರುಚುನಾವಣೆಯಲ್ಲಿ, ಈಗ ಮಜೂರ ಪಕ್ಷದ ಹೆಸರಿನ ಮೇಲೆಯೇ ಮತವನ್ನು ಬೇಡಿ, ಗೆದ್ದು ಬಂದರು. ೧೯೨೯ ರ ಜೂನಿನಲ್ಲಿ ರ್‍ಯಾಮ್ಸೇ ಮ್ಯಾಕ್‌ಡೊನಾಲ್ಡರು ಎರಡನೆಯ ಸಲ ಮಜೂರ ಸರಕಾರವನ್ನು ರಚಿಸಿದಾಗ ಬೆನ್ನರು ಭಾರತಮಂತ್ರಿಗಳಾದರು. "ನೋಡಿರಿ, ಪಕ್ಷಾಂತರದ ಫಲ!" ಎಂದು ಯಾರಾದರೂ ಹೇಳಬಹುದು. ಅಂಥವರು ತಾರೀಖುಗಳನ್ನು ನೋಡಲಿ. ೧೯೨೭ ರಲ್ಲಿ ಮಜೂರ ಪಕ್ಷವು ವಿರೋಧದ ಬೆಂಚಿನಲ್ಲಿತ್ತು. ಕೊಡಲಿಕ್ಕೆ ಅದರ ಕೈಯಲ್ಲಿ ಮಂತ್ರಿಪದವಿಯೂ ಇರಲಿಲ್ಲ, ಬೇರೆ ಪದವಿಯೂ ಇರಲಿಲ್ಲ.

ಇನ್ನು ನಮ್ಮ ದೇಶದ ಮಾತಿಗೆ ಬರುವೆವು. ಒಬ್ಬ ಭಾರತೀಯನೂ ಇಲ್ಲದ ಸಾಯಮನ್ ಕಮಿಶನ್ನಿನಿಂದ ನೊಂದು ದೇಶವೆಲ್ಲ ಕುದಿಯುತ್ತಿದ್ದ ಕಾಲವದು. ವೈಸರಾಯ ಇರ್ವಿನ್ನರೊಡನೆ ಸಮಾಲೋಚಿಸಿ ಬೆನ್ನರು ಒಪ್ಪಿದ ಪ್ರಕಟನೆಯು ೧೯೨೯ ನೆಯ ಅಕ್ಟೋಬರ ೩೧ ರಂದು ಹೊರಬಿದ್ದಿತು. ಹಿಂದುಸ್ತಾನದ ರಾಜಕೀಯ ಬೆಳವಣಿಗೆಯ ಸಹಜ ಪರಿಣಾಮವು ವಸಾಹತಿನ ಸ್ವರಾಜ್ಯವೇ ಎಂದು ಅದರಲ್ಲಿ ಹೇಳಿತ್ತು. ದುಂಡುಮೇಜಿನ ಪರಿಷತ್ತನ್ನು ಕರೆಯುವ ಮಾತೂ ಇತ್ತು. ಇಷ್ಟಕ್ಕೇ ಲಂಡನ್ನಿನಲ್ಲಿ ಕೋಲಾಹಲವಾಯಿತು. ಚರ್ಚಿಲ್ಲರೂ ಲಾರ್ಡ್ ಬರ್ಕನ್‌ಹೆಡ್ಡರೂ ಕಿಡಿಕಾರಿದರು. ನವೆಂಬರದ ಚರ್ಚೆಯಲ್ಲಿ ಲಾಯ್ಡ್ ಜಾರ್ಜರು ಗಿಡ್ಡ ಮೈಕಟ್ಟಿನ ಬೆನ್ನರನ್ನು, ಜನರನ್ನು ದಾಸ್ಯದಿಂದ ಬಿಡಿಸಿ ಕರೆದೊಯ್ದ ಮೋಶೆಯ ಕಿಸೆಯೊಳಗಿನ ಆವೃತ್ತಿಯೆಂದು ಹಾಸ್ಯಮಾಡಿದರು. ಬೆನ್ನರು ಕೂಡಲೆ, ತಾವು ಚಿನ್ನದ ಕರುವನ್ನಂತೂ ಎಂದೂ ಪೂಜಿಸಿದವರಲ್ಲವೆಂದು ಉತ್ತರಕೊಟ್ಟರು. ಮೋಶೆಯು ಬೆಟ್ಟದ ಮೇಲಿದ್ದಾಗ ಅವನ ಜನರು ಚಿನ್ನದ ಕರುವನ್ನು ಮಾಡಿ ಪೂಜಿಸಿದರೆಂಬ ಕಥೆಯು ಬೈಬಲ್ಲಿನಲ್ಲಿದೆ. ಲಾಯ್ಡ್ ಜಾರ್ಜರ ನಿಧಿಯನ್ನು ಬಲ್ಲ ಸಭೆಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ನಾಲಿಗೆಯ ಚಾತುರ್ಯದಿಂದ ಒಂದು ದೇಶದ ಬಂಧನವು ಬಿಚ್ಚುವದಿಲ್ಲ. ವಸಾಹತಿನ ಸ್ವರಾಜ್ಯವು ಎಂದು ಬರುವದೆಂಬುದನ್ನು ಆ ಪ್ರಕಟನೆಯು ಹೇಳಲಿಲ್ಲ. ೧೯೨೯ ರ ಡಿಸೆಂಬರದಲ್ಲಿ ಲಾಹೋರದ ಕಾಂಗ್ರೆಸ್ಸು ಪೂರ್ಣ ಸ್ವಾತಂತ್ರ್ಯದ ನಿರ್ಣಯವನ್ನು ಮಾಡಿತು. ೧೯೩೦ ನೆಯ ಏಪ್ರಿಲ್ ೬ ರಂದು ದಾಂಡಿಯಲ್ಲಿ ಮಹಾತ್ಮರು ಉಪ್ಪನ್ನು ಎತ್ತಿದರು. ಅದೇ ತಿಂಗಳಲ್ಲಿ ನಮ್ಮ ಅಂಕೋಲೆಯ ಕಡಲ ತೀರದಲ್ಲಿಯೂ ಉಪ್ಪಿನ ಕಾಯದೆಯು ಮುರಿಯಲ್ಪಟ್ಟಿತು. ಬಳಿಕ ಬಂದವು ಲಾಠಿಗಳು, ಸುಗ್ರೀವಾಜ್ಞೆಗಳು, ಪತ್ರಿಕೆಗಳ ಬಾಯಿಗೆ ಬೀಗಗಳು. ಸಾವಿರಾರು ಜನರು ಸೆರೆಮನೆಗೆ ಹೋದರು. ಅನೇಕ ಕನ್ನಡಿಗರು ನೆಲೆಸಿದ ಸೊಲ್ಲಾಪುರದಲ್ಲಿ ಮೇ ತಿಂಗಳಲ್ಲಿ ಲಷ್ಕರಿ ಕಾಯದೆಯನ್ನು ಹೇರಿದರು. ಆ ಗಲಭೆಯ ಸಂಬಂಧವಾಗಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ೧೯೩೧ ನೆಯ ಜನೇವರಿ ೧೨ ರಂದು ಯರವಡೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅಂದು ಲಂಡನ್ನಿನಲ್ಲಿ ಮೊದಲನೆಯ ದುಂಡುಮೇಜಿನ ಪರಿಷತ್ತು ಇನ್ನೂ ನಡೆದೇ ಇತ್ತು! ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ಲರೂ ಅಲ್ಲಿ ಪ್ರತಿನಿಧಿಗಳಾಗಿ ಹೋಗಿದ್ದರು. ಕಾಂಗ್ರೆಸ್ಸಿನವರು ಮಾತ್ರ ಇರಲಿಲ್ಲ. ಮಾರ್ಚ್ ೫ ರಂದು ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಮಾರ್ಚ್ ೨೩ ರಂದು ಭಗತಸಿಂಗ, ರಾಜಗುರು, ಸುಖದೇವರ ಗಲ್ಲಾಯಿತು.

ಇವೆಲ್ಲವೂ ಬೆನ್ನರು ಭಾರತಮಂತ್ರಿಗಳಾಗಿದ್ದಾಗಲೇ ನಡೆದವು. ಇಲ್ಲಿಯ ಆಜ್ಞೆಗಳಿಗೆ ಸಹಿ ಹಾಕಿದವರು ವೈಸರಾಯರೂ ಗವರ್ನರರೂ ಇರಬಹುದು. ಪಾರ್ಲಿಮೆಂಟಿನೆದುರು ಅವರ ಪರವಾಗಿ ಉತ್ತರಕೊಡಬೇಕಾದವರು ಬೆನ್ನರೇ, ಉತ್ತರಕೊಟ್ಟವರೂ ಅವರೇ. ಲೀತಿನ ಮತದಾರರ ಸಣ್ಣ ಠೇವನ್ನು ಮರಳಿಸದೆ ನಿದ್ರೆಮಾಡಲಾರದ ಮನುಷ್ಯನು, ಕೋಟ್ಯವಧಿ ಜನರಿಂದ ಕೇಳದೆಯೇ ಕಸಿದುಕೊಂಡ ಆಸ್ತಿಯ ಕಾವಲುಗಾರನಾಗಿ ಕುಳಿತದ್ದು ಎಂಥ ವಿಪರ್ಯಾಸ! ಅವರ ಮನಸ್ಸು ನಮ್ಮ ಕಡೆಗೆ ಇತ್ತೆಂಬುದು ಸುಳ್ಳಲ್ಲ. ಆದರೆ ಸಾಮ್ರಾಜ್ಯದ ಯಂತ್ರದಲ್ಲಿ ಒಳ್ಳೆಯ ಮನುಷ್ಯನೂ ಒಂದು ಹಲ್ಲುಚಕ್ರವೇ ಆಗುವನು. ಸ್ವರಾಜ್ಯವು ಒಳ್ಳೆಯ ಭಾರತಮಂತ್ರಿಯಿಂದ ಬರತಕ್ಕದ್ದಲ್ಲವೆಂಬ ಪಾಠವನ್ನು ನಮ್ಮ ಜನರು ಆ ಎರಡು ವರ್ಷಗಳಲ್ಲಿ ಕಲಿತರು.

೧೯೩೧ ರ ಆಗಸ್ಟಿನಲ್ಲಿ ಬೆನ್ನರಿಗೆ ಎರಡನೆಯ ಪರೀಕ್ಷೆಯು ಬಂದಿತು. ಹಣಕಾಸಿನ ಸಂಕಟದಲ್ಲಿ ಮಜೂರ ಮಂತ್ರಿಮಂಡಲವು ಒಡೆದು, ಮ್ಯಾಕ್‌ಡೊನಾಲ್ಡರು ಸ್ಥಿತಿಪಾಲಕರೊಡನೆ ಕೂಡಿ "ರಾಷ್ಟ್ರೀಯ" ಸರಕಾರವನ್ನು ಕಟ್ಟಿ, ತಾವೇ ಮುಖ್ಯ ಪ್ರಧಾನರಾಗಿ ಉಳಿದರು. ಬೆನ್ನರು ಅವರ ಬೆನ್ನು ಹತ್ತಲಿಲ್ಲ; ಅಧಿಕಾರವನ್ನು ಬಿಟ್ಟು ಪಕ್ಷದೊಡನೆ ವಿರೋಧಕ್ಕೆ ನಡೆದರು. ಅಕ್ಟೋಬರದ ಚುನಾವಣೆಯಲ್ಲಿ, ಹಿಂದೆ ೨೮೭ ಸ್ಥಾನಗಳಿದ್ದ ಮಜೂರ ಪಕ್ಷವು ಐವತ್ತರ ಆಸುಪಾಸಿಗೆ ಇಳಿಯಿತು. ಬೆನ್ನರೂ ಅಬರ್ಡೀನಿನಲ್ಲಿ ಸೋತರು. ಆ ಶರತ್ಕಾಲದಲ್ಲಿ ಗಾಂಧೀಜಿಯವರು ಎರಡನೆಯ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಬಂದಾಗ ಭಾರತಮಂತ್ರಿಗಳು ಸರ್ ಸ್ಯಾಮ್ಯುಯೆಲ್ ಹೋರರು. ಆದರೆ ಬೆನ್ನರ ಮಗ ಆ್ಯಂಟನಿ, ಆರು ವರ್ಷದ ಹುಡುಗ, ಆಗ ಗಾಂಧೀಜಿಯವರನ್ನು ಕಂಡದ್ದನ್ನು ಜೀವಮಾನವೆಲ್ಲ ನೆನೆಸುತ್ತಿದ್ದನು.

ಉಳಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. ಐದು ವರ್ಷಕ್ಕೂ ಹೆಚ್ಚು ಕಾಲ ಹೊರಗಿದ್ದು ೧೯೩೭ ರಲ್ಲಿ ಮ್ಯಾಂಚೆಸ್ಟರಿನ ಗಾರ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಮರಳಿದರು. ಎರಡನೆಯ ಮಹಾಯುದ್ಧವು ಬಂದಾಗ ೬೩ ನೆಯ ವಯಸ್ಸಿನಲ್ಲಿ ವಿಮಾನದಳದ ಅತಿ ಕೆಳಗಿನ ಅಧಿಕಾರಿಯಾಗಿ ಸೇರಿ, ಮೊಮ್ಮಕ್ಕಳನ್ನು ಆಡಿಸುವ ಪ್ರಾಯದಲ್ಲಿ ಯುದ್ಧವಿಮಾನಗಳನ್ನೇರಿದರು. ೧೯೪೨ ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಮಜೂರ ಪಕ್ಷದ ಬಲವನ್ನು ಹೆಚ್ಚಿಸುವದಕ್ಕಾಗಿ ಅವರಿಗೆ ವಾಯ್‌ಕೌಂಟ್ ಸ್ಟ್ಯಾನ್ಸ್‌ಗೇಟ್ ಎಂಬ ಪದವಿಯನ್ನಿತ್ತರು. ೧೯೪೪ ರ ಜೂನಿನಲ್ಲಿ, ವಿಮಾನದಳದಲ್ಲಿದ್ದ ಹಿರಿಯ ಮಗ ಮಾಯ್ಕಲನನ್ನು ಕಳೆದುಕೊಂಡರು. ೧೯೪೫ ರ ಮಜೂರ ಸರಕಾರದಲ್ಲಿ ಒಂದು ವರ್ಷ ವಿಮಾನಖಾತೆಯ ಮಂತ್ರಿಗಳಾಗಿದ್ದರು. ೧೯೪೭ ರಿಂದ ೧೯೫೭ ರ ವರೆಗೆ ಜಗತ್ತಿನ ಪಾರ್ಲಿಮೆಂಟುಗಳ ಒಕ್ಕೂಟದ ಅಧ್ಯಕ್ಷರಾಗಿದ್ದರು. ೧೯೬೦ ನೆಯ ನವೆಂಬರ ೧೭ ರಂದು, ೮೩ ನೆಯ ವಯಸ್ಸಿನಲ್ಲಿ, ದೈವಾಧೀನರಾದರು.

ತಂದೆಯ ಕಥೆಯು ಮುಗಿದರೂ ಅದರ ನ್ಯಾಯವು ಮಗನಲ್ಲಿ ಮುಂದುವರಿಯಿತು. ವಾಯ್‌ಕೌಂಟ ಪದವಿಯು ವಂಶಪಾರಂಪರ್ಯವಾದುದು. ತಂದೆಯು ಸತ್ತ ಕ್ಷಣದಲ್ಲಿ ಅದು ಉಳಿದ ಹಿರಿಯ ಮಗನಾದ ಆ್ಯಂಟನಿಯ ಕೊರಳಿಗೆ ಬಿದ್ದಿತು. ಲಾರ್ಡನಾದವನು ಕಾಮನ್ಸ್ ಸಭೆಯಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಆದುದರಿಂದ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದಿಂದ ೧೯೫೦ರಲ್ಲಿ ಆರಿಸಿ ಬಂದಿದ್ದ ಅವರ ಸ್ಥಾನವು ಹೋಯಿತು. ೧೯೬೧ ರ ಮರುಚುನಾವಣೆಯಲ್ಲಿ ಅವರು ಮತ್ತೆ ನಿಂತು ದೊಡ್ಡ ಬಹುಮತದಿಂದ ಗೆದ್ದರು. ಆದರೂ ನ್ಯಾಯಾಸನವು ಸೋತ ಸ್ಥಿತಿಪಾಲಕರಾದ ಮ್ಯಾಲ್ಕಮ್ ಸೇಂಟ್ ಕ್ಲೇರರಿಗೇ ಸ್ಥಾನವನ್ನು ಕೊಟ್ಟಿತು. ೧೯೬೩ ರ ಜುಲೈ ೩೧ ರಂದು ಪದವಿಯನ್ನು ತ್ಯಜಿಸಲು ಅವಕಾಶವೀಯುವ ಕಾಯದೆಯು ಜಾರಿಯಾಯಿತು. ಅಂದೇ ಆ್ಯಂಟನಿ ಬೆನ್ನರು ತಮ್ಮ ಪದವಿಯನ್ನು ಬಿಟ್ಟರು. ಆಗ ಸೇಂಟ್ ಕ್ಲೇರರು, ಕಾಯದೆಯು ಬದಲಾದರೆ ತಾವು ಹಿಂದೆ ಸರಿಯುವದಾಗಿ ಕೊಟ್ಟ ಮಾತಿನಂತೆ, ಯಾವ ಒತ್ತಾಯವೂ ಇಲ್ಲದೆ ಸ್ಥಾನವನ್ನು ಬಿಟ್ಟುಕೊಟ್ಟರು. ಜನರು ನನ್ನನ್ನು ಆರಿಸಲಿಲ್ಲ, ಆದುದರಿಂದ ಇದು ನನ್ನದಲ್ಲವೆಂದು ತಿಳಿದು ನಡೆದ ಆ ವಿರೋಧಿಯ ಸಜ್ಜನಿಕೆಯನ್ನೂ ನಾವು ಮರೆಯಬಾರದು. ಬ್ರಿಸ್ಟಲ್ಲಿನ ಜನರು ಆ್ಯಂಟನಿಯವರನ್ನು ಪುನಃ ಆರಿಸಿದರು.

ವೆಜ್‌ವುಡ್ ಬೆನ್ನರು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಅನುಸರಿಸಿದವರು ಇಂಗ್ಲಂಡದಲ್ಲಿಯೂ ಕಡಿಮೆಯೇ. ೧೯೨೯ ರಲ್ಲಿ ಪ್ರೆಸ್ಟನ್ನಿನ ಜೋವಿಟ್ಟರು ಪಕ್ಷವನ್ನು ಬದಲಿಸಿ, ರಾಜೀನಾಮೆಯನ್ನಿತ್ತು ಮರುಚುನಾವಣೆಯಲ್ಲಿ ಗೆದ್ದರು. ಆದರೆ ಅವರಿಗೆ ಸರಕಾರದ ದೊಡ್ಡ ಹುದ್ದೆಯು ಸಂಗಡವೇ ದೊರೆತಿತ್ತು. ೧೯೮೧ ರಿಂದ ಮುಂದೆ ಮಜೂರ ಪಕ್ಷದ ೨೮ ಜನರೂ ಸ್ಥಿತಿಪಾಲಕರಲ್ಲೊಬ್ಬರೂ ಹೊಸ ಸೋಶಿಯಲ್ ಡೆಮೊಕ್ರಾಟಿಕ್ ಪಕ್ಷಕ್ಕೆ ಹೋದಾಗ ಸ್ಥಾನವನ್ನು ಬಿಟ್ಟು ಜನರ ಮುಂದೆ ನಿಂತವರು ಒಬ್ಬರೇ, ಬ್ರೂಸ್ ಡಗ್ಲಸ್-ಮ್ಯಾನ್. ೧೯೮೨ ರಲ್ಲಿ ಅವರು ಸೋತರು. ೨೦೧೪ ರಲ್ಲಿ ಇಬ್ಬರು ಹೀಗೆಯೇ ನಿಂತು ಗೆದ್ದರು.

ನಮ್ಮ ದೇಶವು ಇದನ್ನು ಮನುಷ್ಯನ ಮನಸ್ಸಿಗೆ ಬಿಡದೆ ಕಾಯದೆಯನ್ನಾಗಿ ಮಾಡಿದೆ. ೧೯೮೫ ರ ೫೨ ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯು ಸೇರಿ, ಪಕ್ಷವನ್ನು ಬಿಟ್ಟವನ ಸ್ಥಾನವು ಹೋಗುವಂತೆ ಆಯಿತು. ೨೦೦೩ ರ ೯೧ ನೆಯ ತಿದ್ದುಪಡಿಯು ಅದನ್ನು ಇನ್ನೂ ಬಿಗಿಗೊಳಿಸಿತು. ಆದರೂ ೨೦೧೯ ರಲ್ಲಿ ನಮ್ಮ ಕರ್ನಾಟಕದಲ್ಲಿಯೇ ಶಾಸಕರ ಗುಂಪೊಂದು ರಾಜೀನಾಮೆಯನ್ನಿತ್ತು, ಸರಕಾರವು ಉರುಳಿ, ಸ್ಪೀಕರರ ಅನರ್ಹತೆಯ ಆಜ್ಞೆಯಾಗಿ, ಪ್ರಕರಣವು ಸುಪ್ರೀಮ್ ಕೋರ್ಟಿನ ವರೆಗೆ ಹೋಗಿ, ಡಿಸೆಂಬರದಲ್ಲಿ ೧೫ ಕ್ಷೇತ್ರಗಳ ಮರುಚುನಾವಣೆಗಳಾದುದನ್ನು ತಾವೆಲ್ಲರೂ ಕಂಡಿರುವಿರಿ. ಹೊರಗಿನಿಂದ ನೋಡಿದರೆ ರಾಜೀನಾಮೆಯು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಯಾವುದು ಆತ್ಮಸಾಕ್ಷಿಯದು, ಯಾವುದು ವ್ಯವಹಾರದ್ದು ಎಂದು ಕಂಡುಹಿಡಿಯುವ ಒರೆಗಲ್ಲನ್ನು ಯಾವ ಕಾಯದೆಯೂ ಕೊಡಲಾರದು. ಅದು ಮತದಾರನ ಕೈಯಲ್ಲಿಯೇ ಇರಬೇಕು. ಅವನು ಮೂರು ಪ್ರಶ್ನೆಗಳನ್ನು ಕೇಳಲಿ: ಇವನು ಪಕ್ಷವನ್ನು ಬಿಟ್ಟುದು ಯಾವ ತತ್ವಕ್ಕಾಗಿ? ಬಿಡುವಾಗ ಏನನ್ನು ಕಳೆದುಕೊಂಡನು? ಬಿಟ್ಟ ಮರುದಿನ ಏನನ್ನು ಪಡೆದನು? ಬೆನ್ನರಿಗೆ ಈ ಪ್ರಶ್ನೆಗಳನ್ನು ಕೇಳಿದರೆ ದೊರೆಯುವ ಉತ್ತರಗಳು ಸ್ಪಷ್ಟವಾಗಿವೆ: ತತ್ವವು ಹತ್ತು ವರ್ಷಗಳ ನಡತೆಯಲ್ಲಿ ಕಾಣುವದು, ಕಳೆದುಕೊಂಡದ್ದು ಸ್ಥಾನ, ವೇತನ, ತಂದೆಯ ಕಾಲದ ಗೆಳೆತನಗಳು, ಮರುದಿನ ಪಡೆದದ್ದು ಏನೂ ಇಲ್ಲ.

ಶಿಕ್ಷಕ ಬಂಧುಗಳೇ, ತಮ್ಮ ಎದುರು ಕುಳಿತ ಹುಡುಗ ಹುಡುಗಿಯರು ನಾಳಿನ ಮತದಾರರು. ಅವರಲ್ಲಿ ಕೆಲವರು ನಾಳಿನ ಶಾಸಕರೂ ಆಗಬಹುದು. ಅಭಿಪ್ರಾಯವನ್ನು ಬದಲಿಸುವದು ಪಾಪವೆಂದು ಅವರಿಗೆ ಕಲಿಸಬೇಡಿರಿ. ಹಾಗೆ ಕಲಿಸಿದರೆ ಅವರ ವಿಚಾರಶಕ್ತಿಯೇ ಒಣಗುವದು. ಪರರು ನಂಬಿ ಕೊಟ್ಟದ್ದನ್ನು ಅವರನ್ನು ಕೇಳದೆ ಮತ್ತೊಬ್ಬರಿಗೆ ದಾಟಿಸುವದು ಪಾಪವೆಂದು ಕಲಿಸಿರಿ.